ಮುಳ್ಳು ಜಿಗಿಯುವ ಜಾಗ

ಗುಮಾಸ್ತರೊಬ್ಬರ ಮನೆಯ ರೆಕಾರ್ಡ್ ಪ್ಲೇಯರ್ ಗೊರಗೊರ ಅನ್ನತೊಡಗಿತು. ಹೊಸದೊಂದನ್ನು ಕೊಳ್ಳೋಣವೆಂದು ಹೆಂಡತಿಯ ಜೊತೆ ಅಂಗಡಿಗೆ ಹೋದರು. ಮದುವೆಯಾದ ವರ್ಷ ಕೊಂಡಿದ್ದ ಕೀರ್ತನೆಯ ರೆಕಾರ್ಡು ಕಂಕುಳಲ್ಲಿತ್ತು.

ಗುಮಾಸ್ತರ ಸವೆದ ಚಪ್ಪಲಿ ನೋಡಿ ಅಂಗಡಿಯ ಮಾಲೀಕ ಪದ್ಮರಾಜಯ್ಯ ನಕ್ಕ. "ಸಂಗೀತ ಗೊತ್ತಿದ್ದೋರು ಈ ದೊಡ್ಡದನ್ನೇ ಒಯ್ಯೋದು ಸ್ವಾಮಿ. ಆ ಸಣ್ಣದು ಕಿವಿ ಇಲ್ಲದೋರಿಗೆ."

ಗುಮಾಸ್ತರ ಜೇಬಿಗೆ ಎಟಕುತ್ತಿದ್ದುದು ಸಣ್ಣದೇ. "ನಮ್ಮನೇಲಿ ಕಿವಿ ಇರೋದು ಇವಳಿಗೆ. ಎರಡರಲ್ಲೂ ಈ ರೆಕಾರ್ಡ್ ಹಾಕಿ. ಇವಳು ಕಣ್ಣು ಮುಚ್ಚಿ ಕೇಳಲಿ. ಸಣ್ಣದನ್ನು ಆರಿಸಿದರೆ ಪ್ಲೇಯರಿಗೆ ಒಂದು ಹೊಸ ಮುಳ್ಳು ಪುಕ್ಕಟೆ ಕೊಡಬೇಕು."

"ಎರಡು ಕೊಡ್ತೀನಿ!"

ದೊಡ್ಡದರಲ್ಲಿ ಹಾಡು ಎಲ್ಲೂ ಜಿಗಿಯದೆ ಎಣ್ಣೆಯಂತೆ ಹರಿಯಿತು. ಜೊತೆಗೇ ಗುನುಗುತ್ತಿದ್ದ ಆಕೆ ಎರಡನೆಯ ಚರಣದಲ್ಲಿ ತಡವರಿಸಿ ಸುಮ್ಮನಾದರು. ಸಣ್ಣದರಲ್ಲಿ ಅದೇ ಜಾಗ ಬಂದಾಗ ರೆಕಾರ್ಡಿನ ಹಳೆಯ ಗೀರು ತಾಗಿ ಮುಳ್ಳು ಟಕ್ಕನೆ ಜಿಗಿಯಿತು. ಆಕೆಯ ಹಾಡೂ ಅಲ್ಲೇ ಜಿಗಿದು, ತಾಳ ತಪ್ಪದೆ ಮುಂದುವರಿಯಿತು. ಮೂವತ್ತು ವರ್ಷದಿಂದ ಆಕೆಗೆ ಆ ಕೀರ್ತನೆ ಬರುತ್ತಿದ್ದುದೇ ಹಾಗೆ.

"ಇದೇ ಸರಿಯಾಗಿದೆ," ಅಂದರು ಆಕೆ.

ಪದ್ಮರಾಜಯ್ಯ ನಗು ತಡೆಯಲಾರದೆ ಸಣ್ಣದರ ಜೊತೆ ಎರಡು ಮುಳ್ಳು ಕಟ್ಟಿಕೊಟ್ಟ.

ದಾರಿಯಲ್ಲಿ ಆಕೆ ಮೆಲ್ಲಗೆ ಕೇಳಿದರು: "ದೊಡ್ಡದರ ದನಿ ಚೆನ್ನಾಗಿತ್ತು, ಅಲ್ವೇನ್ರೀ?"

"ಚೆನ್ನಾಗೇ ಇತ್ತು. ಆದರೆ ಅದರಲ್ಲಿ ನಿನ್ನ ದನಿ ನಿಂತುಹೋಯ್ತಲ್ಲ."