ಬಲೆ ಕೊಳೆತ ಮೇಲೂ

ಕಡಲ ಬಂಡೆಯ ಬುಡದಲ್ಲಿ ಚಿಪ್ಪಿಲ್ಲದ ಮುದಿ ಬಸವನಹುಳು ದಿನವೂ ಏಡಿಯ ಮುಂದೆ ಅದೇ ಹಳೇ ರಾಗ ಹಾಡುತ್ತಿತ್ತು: "ಆ ಕಾಲದ ಪಾಚಿಯ ರುಚಿಯೇ ರುಚಿ! ಒಂದು ದಿನ ಅದಕ್ಕೆ ಹರಕು ಬಲೆ ಸುತ್ತಿಕೊಂಡಿತು. ಎಷ್ಟು ಅಗಿದರೂ ಗಂಟಲಿಗಿಳಿಯಲಿಲ್ಲ. ಅಂದೇ ತಲೆಯೊಳಗಿನ ನರದ ಗಂಟು ‘ಇನ್ನು ಬೇಡ’ ಎಂದು ಬಾಯಿಗೆ ಅಪ್ಪಣೆ ಮಾಡಿತು."

"ಅಜ್ಜಾ, ಬಲೆ ಕೊಳೆತು ಎಷ್ಟೋ ಕಾಲವಾಯಿತು. ನಿಮ್ಮೆದುರು ತೂಗುತ್ತಿರುವುದು ಅದೇ ಪಾಚಿ. ತಿನ್ನಿ," ಎಂದಿತು ಏಡಿ.

ಹುಳು ಕತ್ತು ಚಾಚಿತು. ಹಳೆಯ ಪರಿಮಳಕ್ಕೆ ಹಸಿವು ಕೆರಳಿ ಬಾಯಿ ತಾನಾಗಿ ತೆರೆಯಿತು. ಪಾಚಿ ತುಟಿಗೆ ತಾಗಿದ್ದೇ ತಡ, ನರದ ಗಂಟು "ಬಲೆ!" ಎಂದು ಕೂಗಿತು. ಬಾಯಿ ಮುಚ್ಚಿತು.

ಏಡಿ ಆ ಪಾಚಿಯ ಎಳೆಯನ್ನೇ ಕಿತ್ತು ತಿನ್ನತೊಡಗಿತು. ನೋಡುತ್ತ ಹುಳು ನಿಟ್ಟುಸಿರಿಟ್ಟಿತು: "ಅಂಥ ಪಾಚಿ ಈಗೆಲ್ಲಿ ಸಿಗುತ್ತದೆ, ಮಾರಾಯ!"