ಸೆರೆಸ್ ಕಟ್ಟಿ ಮುಗಿಸದ ಲೋಕ

ಭೂಮಿಯ ಬೆಟ್ಟಗಳು ಮುಟ್ಟಿದರೆ ಇನ್ನೂ ಬೆಚ್ಚಗಿದ್ದ ಕಾಲ. ಆಗ ದೇವತೆಗಳೂ ದುಡಿದೇ ತಿನ್ನುತ್ತಿದ್ದರು. ಆಕಾಶದಲ್ಲಿ ಮಂಗಳನ ಮನೆಗೂ ಗುರುವಿನ ಮನೆಗೂ ನಡುವೆ ಒಂದು ದೊಡ್ಡ ಬಯಲು ಖಾಲಿ ಬಿದ್ದಿತ್ತು. ಅದರ ತುಂಬ ಕಲ್ಲು, ಮಣ್ಣು, ಮಂಜುಗಡ್ಡೆ.

ರೋಮಿನ ಜನಕ್ಕೆ ಉತ್ತು ಬಿತ್ತುವುದನ್ನು ಕಲಿಸಿದ ಧಾನ್ಯದೇವತೆ ಸೆರೆಸ್ ಆ ಬಯಲನ್ನು ಕೇಳಿ ಪಡೆದಳು. ಊರವರ ಹೊಲಕ್ಕೆಲ್ಲ ಬೀಜ ಕೊಟ್ಟವಳಿಗೆ ತನ್ನದು ಅಂತ ಒಂದು ಹೊಲ ಇರಲಿಲ್ಲ. ಅಲ್ಲಿ ಒಂದು ಲೋಕ ಕಟ್ಟಬೇಕು, ಅದರ ಮೈತುಂಬ ಗೋಧಿ ಬೆಳೆಯಬೇಕು ಎಂಬುದೇ ಅವಳ ಆಸೆ.

ಅವಳ ಅಕ್ಕ ವೆಸ್ಟಾ ಒಲೆಯ ದೇವತೆ. ಅವಳು ಬೆಂಕಿ ಹಾಕಿ ಕಲ್ಲುಮಣ್ಣನ್ನು ಮೆತ್ತಗೆ ಮಾಡಿಕೊಟ್ಟಳು. ಸೆರೆಸ್ ಅದನ್ನು ಮುದ್ದೆ ಕಟ್ಟುವ ಹಾಗೆ ತಿರುಗಿಸಿ ತಿರುಗಿಸಿ ಉಂಡೆ ಮಾಡತೊಡಗಿದಳು.

“ಬಿಸಿ ಆರೋ ತನಕ ಕೈ ತೆಗೀಬೇಡ ಕಣೆ,” ಅಂದಳು ವೆಸ್ಟಾ. “ಲೋಕ ಕಟ್ಟೋರ ಕಟ್ಟಳೆ ಅದು. ನಮ್ಮ ತಮ್ಮ ಬೇರೆ ಈ ದಾರೀಲೇ ಓಡಾಡ್ತಾನೆ.”

ತಮ್ಮ ಎಂದರೆ ಜುಪಿಟರ್. ನಾವು ಗುರು ಎನ್ನುತ್ತೇವಲ್ಲ, ಅವನೇ. ಆಳು ಒಳ್ಳೆಯವನು, ಆದರೆ ಮೈ ಭಾರ. ಅವನು ಪಕ್ಕದಲ್ಲಿ ಹಾದರೆ ಸಾಕು, ಯಾರೂ ಹಿಡಿದುಕೊಳ್ಳದೆ ಬಿಟ್ಟದ್ದೆಲ್ಲ ಅವನ ಕಡೆಗೆ ಉರುಳುತ್ತಿತ್ತು.

“ಗೊತ್ತಕ್ಕ,” ಅಂದಳು ಸೆರೆಸ್. ಗೊತ್ತಿತ್ತು, ನಿಜ.

ಅಷ್ಟರಲ್ಲಿ ಗಾಳಿ ಸುದ್ದಿ ತಂದಿತು. “ರೋಮಿನ ಪೇಟೆ ಚೌಕದಲ್ಲಿ ಟುಲ್ಲಿಯಾ ಅನ್ನೋ ಮುದುಕಿ ಅಮೃತಶಿಲೇಲಿ ನಿನ್ನ ಮೂರ್ತಿ ಕೆತ್ತುತಾ ಇದ್ದಾಳಮ್ಮ. ಮೂಗು ಯಾಕೋ ಸೊಟ್ಟ ಬಂದಿದೆ.”

ಮೂಗು ಸೊಟ್ಟ ಎಂದರೆ ಯಾರಿಗೆ ತಾನೆ ಸುಮ್ಮನಿರಲು ಆಗುತ್ತದೆ? ಒಂದು ಗಳಿಗೆ ನೋಡಿ ಬಂದರಾಯಿತು ಎಂದುಕೊಂಡು ಸೆರೆಸ್ ಉಂಡೆಯನ್ನು ಕೆಳಗಿಟ್ಟಳು. ವೆಸ್ಟಾ ಒಲೆ ಊದುತ್ತಿದ್ದಳು, ನೋಡಲಿಲ್ಲ.

ಟುಲ್ಲಿಯಾ ಅವಳನ್ನು ಕಂಡು ಕೈ ಮುಗಿದಳು. “ಬಂದೆಯಾ ತಾಯಿ? ಒಂಚೂರು ನಿಂತ್ಕೊ. ನಿನ್ನ ನೋಡ್ಕೊಂಡು ಕೆತ್ತಿದ್ರೆ ಸರಿಹೋಗುತ್ತೆ.”

ಸೆರೆಸ್ ನಿಂತಳು. ಮೂಗು ಸರಿಹೋಯಿತು. ತುಟಿ ಇನ್ನೂ ಚೆನ್ನಾಗಬಹುದು ಅನ್ನಿಸಿತು. ಆಮೇಲೆ ಉಡುಗೆಯ ನೆರಿಗೆ, ಕೈಯಲ್ಲಿನ ಗೋಧಿ ತೆನೆ. ದಾರಿಹೋಕರು ನಿಂತು ಹೊಗಳಿದರು, ಅದೂ ಹಿತವಾಗಿಯೇ ಇತ್ತು. ಹಾಗೇ ಮೂರು ದಿನ ಕಳೆಯಿತು.

ಕಣ್ಣಿಗೆ ಪಾಪೆ ಬಿಡಿಸುವುದು ಕೊನೆಯ ಕೆಲಸ. ಅದಕ್ಕೆಂದು ಟುಲ್ಲಿಯಾ ಸಣ್ಣ ಉಳಿ ಎತ್ತಿಕೊಳ್ಳುವಷ್ಟರಲ್ಲಿ ಗಾಳಿ ಮತ್ತೆ ಬಂತು.

“ಅಮ್ಮ, ನಿನ್ನ ಲೋಕ ಚೂರುಚೂರಾಯ್ತು.”

ಸೆರೆಸ್ ಎದ್ದೆನೋ ಬಿದ್ದೆನೋ ಎಂದು ಓಡಿದಳು. ಬಯಲ ತುಂಬ ಕಲ್ಲು ಚೆದುರಿತ್ತು. ಒಂದನ್ನು ಹಿಡಿದರೆ ಇನ್ನೊಂದು ಜಾರಿತು. ಬಿಸಿ ಆರಿಹೋಗಿತ್ತು, ಯಾವುದೂ ಯಾವುದಕ್ಕೂ ಅಂಟಲಿಲ್ಲ.

“ನಾನು ದಿನಾ ಹೋಗೋ ದಾರೀಲೇ ಹೋದೆ ಅಕ್ಕ,” ಅಂದ ಜುಪಿಟರ್. “ನಿನ್ನ ಕೈ ಅದರ ಮೇಲಿರುತ್ತೆ ಅಂದ್ಕೊಂಡಿದ್ದೆ.”

ತಪ್ಪು ಅವನದಲ್ಲ. ಮೂಗು ಸರಿಹೋದಾಗಲೇ ಹೊರಟುಬಂದಿದ್ದರೆ ಆಗುತ್ತಿತ್ತಲ್ಲ ಎಂದು ಸೆರೆಸ್ ತನ್ನನ್ನೇ ಹಳಿದುಕೊಂಡಳು. ಉಳಿದದ್ದರಲ್ಲಿ ದೊಡ್ಡ ಕಲ್ಲನ್ನು ತೊಡೆಯ ಮೇಲಿಟ್ಟುಕೊಂಡು ಅತ್ತಳು. ವೆಸ್ಟಾ ಬೈಯಲಿಲ್ಲ, ಇನ್ನೊಂದು ಕಲ್ಲನ್ನು ಹಿಡಿದು ಪಕ್ಕದಲ್ಲಿ ಕೂತಳು. ಆ ಎರಡಕ್ಕೂ ಜನ ಅಕ್ಕತಂಗಿಯರ ಹೆಸರನ್ನೇ ಇಟ್ಟಿದ್ದಾರೆ.

ಟುಲ್ಲಿಯಾ ಉಳಿ ಹಿಡಿದು ಬಹಳ ದಿನ ಕಾದಳು. ಆದರೆ ಯಾವ ಮುಖ ಹೊತ್ತುಕೊಂಡು ಆ ಮೂರ್ತಿಯ ಎದುರು ನಿಲ್ಲುವುದೆಂದು ಸೆರೆಸ್ ಮತ್ತೆ ಇಳಿದು ಬರಲೇ ಇಲ್ಲ.

ಅದಕ್ಕೇ ಮಗು, ಮಂಗಳನಿಗೂ ಗುರುವಿಗೂ ನಡುವೆ ಇಂದಿಗೂ ಅಲೆಯುವ ಕ್ಷುದ್ರಗ್ರಹಗಳಿವೆಯೇ ಹೊರತು ಒಂದು ಲೋಕವಿಲ್ಲ. ಅದಕ್ಕೇ ಆ ದೂರದ ಊರಿನ ಚೌಕದಲ್ಲಿ ನಿಂತಿರುವ ಕಲ್ಲಿನ ಸೆರೆಸ್‌ಗೆ ಮೂಗು, ತುಟಿ ಎಲ್ಲ ಚೆಂದವಾಗಿದ್ದರೂ ಕಣ್ಣಲ್ಲಿ ಪಾಪೆ ಇಲ್ಲ.