ಪಂಡಿತರ ಬೇರು, ವಕೀಲರ ಸಹಿ

ಆಶಾ ಕಾರ್ಯಕರ್ತೆ ನೀಲಗಂಗಾ ಅಂಗನವಾಡಿ ಬೋರ್ಡಿನ ಮೇಲೆ ಬರೆದಳು: "ಹಾವು ಕಚ್ಚಿದರೆ ಗುರುಲಿಂಗ ಪಂಡಿತರ ಬೇರಿನಿಂದ ವಿಷ ಇಳಿಯುವುದಿಲ್ಲ. ಆಸ್ಪತ್ರೆಗೆ ಓಡಿ."

ಮಾನ ಹೋಯಿತೆಂದು ಪಂಡಿತರು ವಕೀಲರ ನೋಟಿಸ್ ಹಿಡಿದು ಬಂದರು. "ಸಂಜೆಯೊಳಗೆ ಅಳಿಸು. ಇಲ್ಲದಿದ್ದರೆ ಕೋರ್ಟಿಗೆ ಅಲೆದೇ ನಿನ್ನ ಚಪ್ಪಲಿ ಸವೆದೀತು."

ಅಳಿಸಿದರೆ ಯಾರದೋ ಜೀವ ಹೋದೀತು, ಅಳಿಸದಿದ್ದರೆ ಕೋರ್ಟು ಕೇಸಿನಲ್ಲಿ ತನ್ನ ಕೆಲಸ. ನೀಲಗಂಗಾ ನೋಟಿಸನ್ನು ಎರಡು ಸಲ ಓದಿದಳು. ಆಮೇಲೆ ಬೋರ್ಡು ಒರೆಸಿ, ಅದೇ ಜಾಗದಲ್ಲಿ ನೋಟಿಸನ್ನು ಅಂಟಿಸಿದಳು.

ಸೀಮೆಸುಣ್ಣದ ಅಕ್ಷರ ಓದದವರೂ ಮೊಹರು ಕಂಡು ನಿಂತು ಓದಿದರು. ಯಾವ ಮಾತಿನಿಂದ ಮಾನ ಹೋಯಿತೆಂದು ತೋರಿಸಲು, ಅವಳು ಬರೆದಿದ್ದ ಅಷ್ಟೂ ಮಾತನ್ನು ವಕೀಲರು ಅದರಲ್ಲಿ ದಪ್ಪ ಅಕ್ಷರದಲ್ಲಿ ಎತ್ತಿ ಬರೆದಿದ್ದರು.

ಪಂಡಿತರು ಏದುಸಿರು ಬಿಡುತ್ತಾ ಬಂದರು. "ಏನವ್ವಾ ಇದು? ತೆಗಿ."

"ನನ್ನ ಮಾತು ಅಳಿಸಿದೆನಲ್ಲ, ಪಂಡಿತರೇ. ಇದು ನಿಮ್ಮ ವಕೀಲರು ಸಹಿ ಹಾಕಿ ಬರೆದದ್ದು. ಮಾನ ಹೋಗಿದ್ದರೆ ಅವರಿಗೊಂದು ನೋಟಿಸ್ ಕೊಡಿಸಿ."